ಬೀಜದ ಜೋಳವೂ ಮನೆಯ ಹಣವೂ

ಯಲವಿಗಿಯ ಸೀಮೆಯ ಒಕ್ಕಲಿಗನು ಬೀಜದ ಜೋಳವನ್ನು ಹಸಿದರೂ ತಿನ್ನನು. ಹದಮಳೆಯಾದಾಗ ಕಟ್ಟಿಯೂ ಇಡನು, ಬಿತ್ತುವನು. ಹಣದ ವಿಷಯದಲ್ಲಿ ಮಕ್ಕಳು ಕಲಿಯತಕ್ಕದ್ದು ಇದೇ. ಆದರೆ ಕೆಲವು ಮನೆಗಳಲ್ಲಿ "ದುಡ್ಡೇ ದೊಡ್ಡಪ್ಪ" ಎಂಬ ಮಾತು, ಕೆಲವುಗಳಲ್ಲಿ "ನಮ್ಮಂಥವರಿಗೆ ಅದೆಲ್ಲಾ ಯಾಕೆ?" ಎಂಬ ಮಾತು. ಮೊದಲನೆಯದನ್ನು ಕೇಳಿ ಬೆಳೆದವನು ಕೆಲಸದ ಗುಣವನ್ನು ನೋಡದೆ ಸಂಬಳವನ್ನೇ ನೋಡುವನು. ಎರಡನೆಯದನ್ನು ಕೇಳಿದವನು ಬಾಗಿಲು ತಟ್ಟುವ ಮೊದಲೇ ಹಿಂದಿರುಗುವನು.

ನೆರೆಯ ಶಿಗ್ಗಾಂವಿಯಲ್ಲಿ 1950ರಲ್ಲಿ ಹುಟ್ಟಿದ ಸುಧಾ ಮೂರ್ತಿಯವರು ತಾವು ಕೂಡಿಟ್ಟ 10,000 ರೂಪಾಯಿಗಳನ್ನು 1981ರಲ್ಲಿ ಪತಿಯಾದ ನಾರಾಯಣ ಮೂರ್ತಿಯವರಿಗೆ ಕೊಟ್ಟರು. ಇನ್ಫೋಸಿಸ್ ಹುಟ್ಟಿದ್ದು ಆ ಹಣದಿಂದ. ನಾರಾಯಣ ಮೂರ್ತಿಯವರು ಶಾಲಾಮಾಸ್ತರರ ಮಗನಾಗಿದ್ದು, ತಂದೆಗೆ ವೆಚ್ಚ ಭರಿಸುವ ಶಕ್ತಿ ಸಾಲದ್ದರಿಂದ ಐಐಟಿಯನ್ನು ಬಿಟ್ಟು ಮೈಸೂರಿನಲ್ಲಿಯೇ ಇಂಜಿನಿಯರಿಂಗ್ ಕಲಿತರು. ಹಣದ ಕೊರತೆಯು ಕಲಿಯುವ ಸ್ಥಳವನ್ನು ಬದಲಿಸಿತು, ಕಲಿಯುವ ಆಶೆಯನ್ನು ಬದಲಿಸಲಿಲ್ಲ. ಬಿತ್ತಿದ್ದೆಲ್ಲಾ ಇಷ್ಟು ಬೆಳೆಯಲಾರದು ನಿಜ. ಆದಾಗ್ಯೂ ಬಿತ್ತದೆ ಯಾವದೂ ಬೆಳೆಯದು.

ಆದಕಾರಣ ತಂದೆತಾಯಿಗಳೇ, ಮನೆಯ ಸಾಲವನ್ನೂ ಉಳಿತಾಯವನ್ನೂ ಬೆಳೆದ ಮಕ್ಕಳಿಗೆ ಮರೆಮಾಡದೆ ತಿಳಿಸಿರಿ. ಲೆಕ್ಕ ತೋರಿಸಿ "ಈ ವರುಷ ಆಗದು" ಅನ್ನುವದು ಬೇರೆ. "ನಿನ್ನಿಂದ ಆಗದು" ಅನ್ನುವದು ಬೇರೆ. ಮೊದಲನೆಯದು ತಾಳ್ಮೆಯನ್ನು ಕಲಿಸುವದು; ಎರಡನೆಯದು ಬೀಜವನ್ನೇ ಹುರಿದಂತೆ.