ಮದುವೆಮನೆಯ ಮೃದಂಗ

ರಾತ್ರಿ ನೆರೆಯವರ ಮದುವೆಮನೆಯಲ್ಲಿ ಮೃದಂಗ ಬಾರಿಸಿದ ಕೈಯು ಆದಿತ್ಯವಾರದ ಆರಾಧನೆಯಲ್ಲಿಯೂ ಅದನ್ನು ಬಾರಿಸಬಹುದೋ? ಕೂಡದೆನ್ನುವವರು ಭಕ್ತಿಯಿಲ್ಲದವರಲ್ಲ, ಒಂದು ಕಾಲದಲ್ಲಿ ನಾನೂ ಅವರ ಪಕ್ಷದವನಾಗಿದ್ದೆನು.

ಆದರೆ ಸೌಲನ ಮುಂದೆ ಕಿನ್ನರಿ ನುಡಿಸಲು ಕರೆತಂದದ್ದು ಯಾಜಕನನ್ನಲ್ಲ, ಕುರಿ ಕಾಯುತ್ತಿದ್ದ ದಾವೀದನನ್ನು. ಜರ್ಮನಿ ದೇಶದ ಬಾಖ್ ಎಂಬ ಸಂಗೀತಗಾರನು 1733ರಲ್ಲಿ ರಾಣಿಯೊಬ್ಬಳ ಜನ್ಮದಿನಕ್ಕೆ ನಗಾರಿಗಳೊಡನೆ ರಚಿಸಿದ ಸಂಗೀತವನ್ನೇ 1734ರ ಕ್ರಿಸ್ಮಸ್ ಆರಾಧನೆಗೆ ತಂದನು. ರಾಣಿಯನ್ನು ಹೊಗಳಿದ ನಗಾರಿಯು ರಕ್ಷಕನ ಜನನವನ್ನು ಸಾರಿತು. ನಮ್ಮ ಕಿಟ್ಟೆಲರೂ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ದೇಶದ ಹಾಡಿನ ಧಾಟಿಯಲ್ಲಿಯೇ ಹೇಳಿದರು.

ಚರ್ಮಕ್ಕೂ ಮರಕ್ಕೂ ಪಾಪವಿಲ್ಲ. ಬಾರಿಸುವವನಿಗೋ? ಇಲ್ಲಿಯೇ ಪ್ರಶ್ನೆಯು ಕಠಿಣವಾಗುತ್ತದೆ. ಆ ರಾತ್ರಿ ಅವನು ಎಂಥ ಹಾಡಿಗೆ ತಾಳಕೊಟ್ಟನು, ಬಡವನ ಮನೆಗೆ ಕೂಲಿಯಿಲ್ಲದೆ ಹೋದದ್ದುಂಟೋ ಎಂದು ನಾವು ವಿಚಾರಿಸಿದೆವೇ? ಮದುವೆಮನೆಯ ಹೊಸ್ತಿಲನ್ನೇ ತುಳಿಯದೆ, ಸಭೆಯ ಹೊಗಳಿಕೆಗೋಸ್ಕರ ಹಾಡನ್ನು ಎಳೆದೆಳೆದು ಹಾಡುವವನು ಹೆಚ್ಚಿನ ಅಪಾಯದಲ್ಲಿದ್ದಾನೆಂದು ನನಗೆ ತೋರುತ್ತದೆ. ಅವನನ್ನು ಯಾರೂ ತಡೆಯುವುದಿಲ್ಲ.

ನಾವು ತಡೆದ ಮೃದಂಗದವನು ಆಮೇಲೆಯೂ ತಪ್ಪದೆ ಆರಾಧನೆಗೆ ಬಂದು, ಚಾಪೆಯ ಕೊನೆಯಲ್ಲಿ ಕುಳಿತು, ಸ್ತುತಿಗೀತಕ್ಕೆ ಬೆರಳುಗಳಿಂದ ತನ್ನ ಮೊಣಕಾಲಿನ ಮೇಲೆ ಸದ್ದಿಲ್ಲದೆ ತಾಳಹಾಕುತ್ತಿದ್ದನು. ಅದನ್ನು ಕಂಡೂ ಅವನನ್ನು ಮುಂದಕ್ಕೆ ಕರೆಯದವರಲ್ಲಿ ನಾನೊಬ್ಬನು.