ಗೊತ್ತು ಮಾಡಿಕೊಳ್ಳದಿರುವ ಹಕ್ಕು

ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ವೆಕ್ಸ್ಲರ್ ಅವರ ತಾಯಿಗೆ ಹಂಟಿಂಗ್ಟನ್ ಕಾಯಿಲೆ ಇರುವುದು 1968ರಲ್ಲಿ ತಿಳಿಯಿತು. ಈ ಕಾಯಿಲೆಯಲ್ಲಿ ಕೈಕಾಲು ಹಿಡಿತ ತಪ್ಪಿ ತಾವಾಗಿಯೇ ಆಡುತ್ತವೆ, ಮಾತು ತೊದಲುತ್ತದೆ, ಸ್ವಭಾವ ಕೆಡುತ್ತದೆ, ಬುದ್ಧಿ ಮಂಕಾಗುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ನ್ಯಾನ್ಸಿ ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಹಳ್ಳಿಗಳಿಗೆ ವರ್ಷ ವರ್ಷವೂ ಹೋದರು. ಈ ಕಾಯಿಲೆ ತುಂಬಿದ್ದ ಕುಟುಂಬಗಳ ವಂಶವೃಕ್ಷ ಬರೆದು, ರಕ್ತದ ಮಾದರಿ ತಂದರು. ಆ ಮಾದರಿಗಳ ನೆರವಿನಿಂದ 1983ರಲ್ಲಿ ನಾಲ್ಕನೇ ವರ್ಣತಂತುವಿನಲ್ಲಿ ಕಾಯಿಲೆಯ ಸುಳಿವು ಸಿಕ್ಕಿತು, 1993ರಲ್ಲಿ ಜೀನ್ ಕೈಗೆ ಬಂತು. ಪರೀಕ್ಷೆಗೆ ದಾರಿ ಮಾಡಿಕೊಟ್ಟ ಈ ಹೆಣ್ಣುಮಗಳು ತಮ್ಮ ಸ್ವಂತ ಉತ್ತರವನ್ನು ಮಾತ್ರ ದಶಕಗಳ ಕಾಲ ಲೋಕಕ್ಕೆ ಹೇಳಲಿಲ್ಲ. ತಮಗೂ ಕಾಯಿಲೆ ಇದೆಯೆಂದು ಬಹಿರಂಗವಾಗಿ ತಿಳಿಸಿದ್ದು 2020ರಲ್ಲಿ.

ಪರೀಕ್ಷೆ ಬಂದ ಮೇಲೂ, ಅಪಾಯದಲ್ಲಿರುವವರಲ್ಲಿ ಅದನ್ನು ಮಾಡಿಸಿಕೊಂಡವರು ಕಡಿಮೆ. 'ಮೊದಲೇ ಗೊತ್ತಾದರೆ ಒಳ್ಳೆಯದಲ್ಲವೇ' ಎಂದು ಹೊರಗೆ ನಿಂತವರು ಸುಲಭವಾಗಿ ಕೇಳಿಬಿಡುತ್ತೇವೆ. ಗೊತ್ತಾಗುವುದಾದರೂ ಏನು? ಆ ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರದ ತುಣುಕು ಎಷ್ಟು ಸಲ ಮರುಕಳಿಸಿದೆ ಎಂಬ ಒಂದು ಅಂಕಿ. ಅದು 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಸಹಜ ಆಯಸ್ಸು ಬದುಕಿದವರಿಗೆ ಕಾಯಿಲೆ ಬಂದೇ ಬರುತ್ತದೆ. 36ರಿಂದ 39 ಇದ್ದರೆ ಬರಬಹುದು, ಬರದೆಯೂ ಇರಬಹುದು. ತಡೆಯುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಮೂವತ್ತರ ಯುವಕನೊಬ್ಬ ಈ ಅಂಕಿಯನ್ನು ಕೇಳಿಸಿಕೊಂಡ ಮೇಲೆ, ಕೈಯಿಂದ ಲೋಟ ಜಾರಿದಾಗಲೆಲ್ಲ 'ಶುರುವಾಯಿತೇ' ಎಂದು ನೋಡಿಕೊಳ್ಳುತ್ತಾನೆ. ಇನ್ನೊಬ್ಬಳಿಗೆ ಅದೇ ಅಂಕಿ ಬಿಡುಗಡೆ: ಮಗು ಬೇಕೇ, ಉಳಿತಾಯ ಹೇಗೆ ಎಂದು ತೀರ್ಮಾನಿಸಲು ಅವಳಿಗೆ ಅನುಮಾನಕ್ಕಿಂತ ನಿಶ್ಚಯವೇ ಮೇಲು. ಇಬ್ಬರೂ ಸರಿ. ಅಜ್ಞಾನ ಸುಖವೆಂದು ನಾನು ಹೇಳುತ್ತಿಲ್ಲ. ತಿಳಿಯುವ ಹೊತ್ತನ್ನು ಆರಿಸುವ ಅಧಿಕಾರ ಆ ದೇಹವನ್ನು ಹೊತ್ತು ಬಾಳುವವರದು ಎನ್ನುತ್ತಿದ್ದೇನೆ.

ಆದರೆ ಜೀನ್ ಯಾರೊಬ್ಬರ ಸ್ವಂತ ಸೊತ್ತಲ್ಲ. ವಾದ ಇಲ್ಲೇ ತೊಡಕಾಗುತ್ತದೆ. ಅಜ್ಜನಿಗೆ ಹಂಟಿಂಗ್ಟನ್ ಇತ್ತು. ಅಪ್ಪ ಪರೀಕ್ಷೆ ಒಲ್ಲೆ ಎನ್ನುತ್ತಾನೆ. ಮಗಳು ಬಸುರಿಯಾಗುವ ಮೊದಲು ತಿಳಿಯಬೇಕು ಎನ್ನುತ್ತಾಳೆ. ಅವಳಲ್ಲಿ ಆ ಜೀನ್ ಕಂಡರೆ, ಬೇಡವೆಂದ ಅಪ್ಪನ ಉತ್ತರವೂ ಅದೇ ಕಾಗದದಲ್ಲಿ ಬಂದಂತಾಯಿತು. ಯಾರ ಹಕ್ಕು ದೊಡ್ಡದು? ಮಗಳದೇ, ಎಂದು ನನ್ನ ನಿಲುವು. ಅಪ್ಪನ ನೆಮ್ಮದಿಗಾಗಿ ಅವಳ ತಾಯ್ತನದ ತೀರ್ಮಾನವನ್ನು ಕತ್ತಲಲ್ಲಿಡುವುದು ನ್ಯಾಯವಲ್ಲ. ಆದರೆ ಉತ್ತರ ಸಿಕ್ಕ ಮೇಲೆ ಅದನ್ನು ಅಪ್ಪನ ಮುಂದೆ ಆಡದಿರುವ ಹೊಣೆ ಅವಳದು. ಅಪ್ಪ ಮಗಳು ಒಂದೇ ಮನೆಯಲ್ಲಿ ಊಟಕ್ಕೆ ಕೂತಾಗ ಅವಳ ಮೌನವೇ ಎಲ್ಲವನ್ನೂ ಹೇಳಿಬಿಡಬಹುದು. ಅದಕ್ಕೇ ರಕ್ತ ತೆಗೆಯುವ ಮುಂಚೆ ಆಪ್ತಸಮಾಲೋಚನೆ ಆಗಬೇಕು. ಅಪ್ಪ ಒಪ್ಪಿದರೆ ಇಬ್ಬರನ್ನೂ ಕೂರಿಸಿಕೊಂಡು.

ಅಲ್ಜೈಮರ್ಸ್ ವಿಷಯ ಬೇರೆ. ಎಪಿಒಇ-4 ಎಂಬ ಜೀನ್ ರೂಪ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ, ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಇನ್ನಷ್ಟು. ಆದರೂ ಅದಿದ್ದವರಲ್ಲಿ ಅನೇಕರು ಮುಪ್ಪಿನವರೆಗೆ ಚುರುಕಾಗಿರುತ್ತಾರೆ; ಅದಿಲ್ಲದವರಿಗೂ ಕಾಯಿಲೆ ಬರುತ್ತದೆ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲೊಬ್ಬರಾದ ಜೇಮ್ಸ್ ವಾಟ್ಸನ್ ತಮ್ಮ ಇಡೀ ಜೀನೋಮ್ ಪ್ರಕಟಿಸಲು ಒಪ್ಪಿದರು, ಈ ಒಂದು ಜೀನ್ ಮಾತ್ರ ಬೇಡ ಎಂದರು. ಅಕ್ಕಪಕ್ಕದ ಅಕ್ಷರಗಳಿಂದಲೇ ಅದನ್ನು ಊಹಿಸಬಹುದೆಂದು ಬೇರೆ ವಿಜ್ಞಾನಿಗಳು ತೋರಿಸಿದ್ದರಿಂದ, ಸುತ್ತಲಿನ ಭಾಗವನ್ನೂ ಅಳಿಸಬೇಕಾಯಿತು.

ಜೀನ್ ಮುಂದಿನದನ್ನು ಸೂಚಿಸಿದರೆ, ಬಯೋಮಾರ್ಕರ್ ಈಗ ನಡೆಯುತ್ತಿರುವುದನ್ನು ತೋರಿಸುತ್ತದೆ. ಮಿದುಳಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಗಂಟು ಕಟ್ಟುತ್ತಿದೆಯೇ ಎಂಬುದನ್ನು ರಕ್ತದಲ್ಲಿನ ಪಿ-ಟೌ217 ಪ್ರೋಟೀನ್ ಸೂಚಿಸುತ್ತದೆ. ಇದನ್ನು ಅಳೆಯುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಕರು 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟರು. ಅದೂ ಮರೆವಿನ ಲಕ್ಷಣ ಇರುವವರಿಗೆ. ಈ ಮಿತಿ ಮುಖ್ಯ. ಅಮಿಲಾಯ್ಡ್ ಇದ್ದೂ ಮರೆವು ಬಾರದೆ ತೀರಿಕೊಳ್ಳುವವರಿದ್ದಾರೆ. ಆರೋಗ್ಯವಾಗಿರುವವರನ್ನು ಅಂಕಿಯ ಬಲದಿಂದ ರೋಗಿ ಎಂದು ಕರೆಯಲಾಗದು. ಇನ್ನೊಂದು ಕಡೆ, ಅಲ್ಜೈಮರ್ಸ್‌ಗೆ ಲೆಕಾನೆಮಾಬ್‌ನಂಥ ಔಷಧ ಕೊಡುವಾಗ ಎರಡು ಎಪಿಒಇ-4 ಇರುವವರ ಮಿದುಳಲ್ಲಿ ಊತ, ರಕ್ತಸ್ರಾವದ ಅಪಾಯ ಹೆಚ್ಚು. ಅಲ್ಲಿ ತಿಳಿದುಕೊಳ್ಳಲೇಬೇಕು. ತಿಳಿವು ಚಿಕಿತ್ಸೆಯ ದಾರಿಯನ್ನು ಬದಲಿಸುವಾಗ, ಒಲ್ಲೆ ಎಂಬ ಮಾತಿಗೆ ಮೊದಲಿನ ತೂಕ ಉಳಿಯುವುದಿಲ್ಲ.

ಇದು ದೂರದ ಚರ್ಚೆಯಲ್ಲ. ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರ ಮಿದುಳು ಹೇಗೆ ಮುಪ್ಪಾಗುತ್ತದೆಂದು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ವರ್ಷಗಟ್ಟಲೆ ಅಧ್ಯಯನ ನಡೆಸುತ್ತಿದೆ. ಅದರಲ್ಲಿ ರಕ್ತವೂ ಇದೆ, ಜೀನೂ ಇದೆ. ಇಂಥ ಅಧ್ಯಯನ ನಮಗೆ ಬೇಕೇ ಬೇಕು. ನನ್ನ ಭಯ ಇರುವುದು ಪ್ರಯೋಗಾಲಯದ ಹೊರಗೆ. ಸಂಬಂಧ ಬೆಳೆಸುವ ಮುಂಚೆ 'ಆ ಮನೆತನದಲ್ಲಿ ಏನಾದರೂ ಇದೆಯೇ' ಎಂದು ವಿಚಾರಿಸುವ ಸಮಾಜ ನಮ್ಮದು. ಆ ವಿಚಾರಣೆಯ ಕೈಗೆ ಪ್ರಯೋಗಾಲಯದ ವರದಿ ಸಿಕ್ಕರೆ ಅದಕ್ಕೆ ಗುರಿಯಾಗುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಆನುವಂಶಿಕ ಕಾಯಿಲೆಗಳನ್ನು ಸಾರಾಸಗಟಾಗಿ ವಿಮೆಯಿಂದ ಹೊರಗಿಡುವುದು ತಾರತಮ್ಯವೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. ಮದುವೆಯ ಮಾತುಕತೆಗೆ ಅಂಥ ಕಾವಲಿಲ್ಲ.

ಲಕ್ಷಣವಿಲ್ಲದ, 18 ತುಂಬದ ಮಕ್ಕಳಿಗೆ ಹಂಟಿಂಗ್ಟನ್ ಪರೀಕ್ಷೆ ಮಾಡಬಾರದೆಂಬುದು ವೈದ್ಯಲೋಕದ ಅಂತರರಾಷ್ಟ್ರೀಯ ಮಾರ್ಗಸೂಚಿ. ಹೆತ್ತವರಿಗೂ ಇಲ್ಲದ ಆ ಅಧಿಕಾರವನ್ನು ಬೀಗರಿಗೆ ಕೊಡಬೇಡಿ. ಯಾರಾದರೂ ನಿಮ್ಮ ಮಗಳ ಜೀನ್ ವರದಿ ಕೇಳಿದರೆ, ಆ ಸಂಬಂಧ ಬಿಟ್ಟರೂ ಚಿಂತೆಯಿಲ್ಲ, ಕೊಡಬೇಡಿ.