ಕುಂಬಾರನಿಗೆ ವರುಷ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.’ ಸಂಸಾರ ಮುರಿದಾಗ, ಸಂಘ ಒಡೆದಾಗ, ಹೆಸರು ಕೆಟ್ಟಾಗ ಈ ಗಾದೆ ನಮ್ಮ ಬಾಯಿಗೆ ಬರುತ್ತದೆ. ಆಡುವವರ ದನಿಯಲ್ಲಿ ಒತ್ತು ಬೀಳುವುದು ದೊಣ್ಣೆಯ ಮೇಲೆ. ಮಾತು ಮುಗಿಯುವುದು ನಿಟ್ಟುಸಿರಿನಲ್ಲಿ. ಆದರೆ ಗಾದೆ ಶುರುವಾಗುವುದು ಕುಂಬಾರನಿಂದ. ಮಣ್ಣು ತಂದು, ಕಲ್ಲು ಆರಿಸಿ, ತುಳಿದು ಹದ ಮಾಡಿ, ತಿಗರಿಗೆ ಏರಿಸಿ, ನೆರಳಿನಲ್ಲಿ ಆರಿಸಿ, ಆವಿಗೆಯಲ್ಲಿ ಸುಡುವ ತನಕ ಅವನು ಒಂದು ಹಂತವನ್ನೂ ಬಿಡುವಂತಿಲ್ಲ. ಅವಸರಕ್ಕೆ ಬಿಸಿಲಿಗಿಟ್ಟರೆ ಹಸಿ ಮಡಕೆ ಬಿರಿಯುತ್ತದೆ. ಮಳೆಗೆ ಬಿದ್ದ ಶಾಲೆಗಳನ್ನು ಕಂಪನಿಗಳು ಕಟ್ಟಿಸಿಕೊಡುವ ಈ ಕಾಲದಲ್ಲಿ ಗಾದೆಯ ಮೊದಲರ್ಧವನ್ನೇ ನಾವು ಹೆಚ್ಚು ಓದಬೇಕು.

ದೊಣ್ಣೆಯ ನಿಮಿಷ ಮೈಸೂರಿಗೆ ಗೊತ್ತಿದೆ. 2022ರ ಅಕ್ಟೋಬರ್ ಮಳೆಗೆ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದ ಒಂದು ಭಾಗ ಕುಸಿಯಿತು. ಬಿರುಕು ಕಂಡು ವಿದ್ಯಾರ್ಥಿನಿಯರನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ಜೀವಗಳು ಉಳಿದವು. ಊರಿನಾಚೆಯ ವಿಪತ್ತೂ ನಮಗೆ ದೂರದ್ದಲ್ಲ. ವಯನಾಡಿನಲ್ಲಿ ಮಳೆ ಹೊಯ್ದರೆ ಕಬಿನಿ ತುಂಬುತ್ತದೆ, ನಂಜನಗೂಡಿನಲ್ಲಿ ಕಪಿಲೆ ಎನಿಸಿಕೊಂಡ ಅದೇ ನದಿ ದಂಡೆ ಮೀರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಅಕ್ಕಿ, ಕಂಬಳಿ, ಬಟ್ಟೆ ತುಂಬಿದ ವಾಹನಗಳು ಇಲ್ಲಿಂದ ಸಾಲುಗಟ್ಟಿ ಹೊರಟವು. ಆ ಉದಾರತೆಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಹಸಿದವನಿಗೆ ಅಂದಿನ ಊಟ ಅಂದೇ ಬೇಕು. ಆದರೆ ಅದೇ ಕೊಡಗಿನಲ್ಲಿ ಸರ್ಕಾರ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಕಟ್ಟಿಸಿದ ಮನೆಗಳ ಪೈಕಿ ಹೆಚ್ಚಿನವು ಸಂತ್ರಸ್ತರ ಕೈಗೆ ಬಂದದ್ದು 2020ರ ಜೂನ್‌ನಲ್ಲಿ. ಹೆಚ್ಚುಕಡಿಮೆ ಎರಡು ವರ್ಷ. ಅಷ್ಟು ಹೊತ್ತಿಗೆ ವಾಹನಗಳ ಸಾಲು ಕರಗಿ ಎಷ್ಟೋ ಕಾಲವಾಗಿತ್ತು.

ಕಂಪನಿಗಳಿಗೂ ಒಂದು ವರ್ಷವಿದೆ. ಅದು ಮಾರ್ಚ್ 31ಕ್ಕೆ ಮುಗಿಯುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು; ಸಿಎಸ್‌ಆರ್ ಹಣ ಎನ್ನುವುದು ಇದನ್ನೇ. 2019ರಲ್ಲಿ ವಿಪತ್ತು ಪರಿಹಾರ, ಪುನರ್ವಸತಿ, ಪುನರ್ನಿರ್ಮಾಣಗಳನ್ನು ಕಾಯ್ದೆಯ ಏಳನೇ ಅನುಸೂಚಿಗೆ ಸೇರಿಸಲಾಯಿತು. ಒಳ್ಳೆಯ ಕಾನೂನು. ಆದರೆ ಮಾರ್ಚ್ ಹತ್ತಿರ ಬಂದಂತೆ ಎಲ್ಲಿಯಾದರೂ ಬೇಗ ಮುಗಿಯುವ ಕೆಲಸಕ್ಕೆ ಹಣ ಹಾಕಿಬಿಡುವ ಆತುರ ಹುಟ್ಟುತ್ತದೆ: ಬ್ಯಾಗು, ಬೆಂಚು, ಬಣ್ಣ, ಫಲಕ. ಕಟ್ಟಡವಾದರೋ ಹಾಗೆ ಬೇಗ ಮುಗಿಯದು: ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಪಾಯ ತೋಡುವಂತಿಲ್ಲ, ಜಾಗದ ಕಾಗದಪತ್ರ ತಿಂಗಳುಗಟ್ಟಲೆ ಓಡಾಡಿಸುತ್ತದೆ. ಮುಂದುವರಿಯುವ ಯೋಜನೆಯ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮೂರು ಹಣಕಾಸು ವರ್ಷಗಳೊಳಗೆ ಬಳಸಲು 2021ರಿಂದ ಕಾನೂನೇ ಅವಕಾಶ ಕೊಟ್ಟಿದೆ. ಕುಂಬಾರನ ವರುಷ ಕಾಯ್ದೆಯಲ್ಲೇ ಇದೆ. ಅದನ್ನು ಬಳಸುವ ಮನಸ್ಸು ಬೇಕು.

ಹದ ನೋಡದೆ ಸುಟ್ಟರೆ ಏನಾಗುತ್ತದೆಂದು ಉತ್ತರ ಕರ್ನಾಟಕ ತೋರಿಸಿಕೊಟ್ಟಿದೆ. 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನವೂ ಸೇರಿ ಹಲವು ಸಂಸ್ಥೆಗಳು ಸಾವಿರಾರು ಮನೆ ಕಟ್ಟಿಸಿಕೊಟ್ಟವು. ಎಷ್ಟೋ ಕುಟುಂಬಗಳಿಗೆ ಅವು ನಿಜಕ್ಕೂ ಆಸರೆಯಾದವು. ಆದರೆ ಹೊಲ ದೂರವಾದ ಕಡೆ, ದನ ಕಟ್ಟಲು ಜಾಗವಿಲ್ಲದ ಕಡೆ, ಜನ ಹಳೆಯ ಊರಲ್ಲೇ ಉಳಿದರು. ಬಾಗಿಲಿಗೆ ಬೀಗ, ಅಂಗಳದಲ್ಲಿ ಜಾಲಿ. ಶಾಲೆಗೂ ಇದೇ ಮಾತು. ಊರವರನ್ನು ಕೇಳದೆ ಆರಿಸಿದ ಜಾಗದಲ್ಲಿ ಎಷ್ಟು ಚೆಂದದ ಕಟ್ಟಡ ಎದ್ದರೂ ಮಕ್ಕಳು ಅಲ್ಲಿಗೆ ನಡೆದು ಬರುವುದಿಲ್ಲ.

ಕಟ್ಟಡಕ್ಕೂ ಮೊದಲು ಉಳಿಸಬೇಕಾದ್ದು ಇನ್ನೇನೋ ಇದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಭೂಕುಸಿತ ಕೊಚ್ಚಿಕೊಂಡು ಹೋಯಿತು. ಅಲ್ಲಿನ ವೆಳ್ಳಾರ್‌ಮಲೆ ಸರ್ಕಾರಿ ಶಾಲೆ ಹಾಳಾಯಿತು. ಸೆಪ್ಟೆಂಬರ್ 2ಕ್ಕೆ ಮುಂಡಕ್ಕೈ, ವೆಳ್ಳಾರ್‌ಮಲೆ ಶಾಲೆಗಳ ಆರುನೂರಕ್ಕೂ ಹೆಚ್ಚು ಮಕ್ಕಳಿಗೆ ಮೇಪ್ಪಾಡಿಯಲ್ಲಿ ಪ್ರವೇಶೋತ್ಸವ ನಡೆಸಿ ಪಾಠ ಶುರು ಮಾಡಿದರು. ಮಕ್ಕಳನ್ನು ಹತ್ತು ಶಾಲೆಗಳಿಗೆ ಹಂಚಿಬಿಡಲಿಲ್ಲ. ಗೋಡೆ ಇಲ್ಲದಿದ್ದರೂ ಶಾಲೆ ತನ್ನ ಹೆಸರಿನಲ್ಲೇ ಉಳಿಯಿತು. ಮಣ್ಣು ಹದಗೊಳಿಸುವ ಕೆಲಸವೆಂದರೆ ನನ್ನ ಪಾಲಿಗೆ ಇದೇ.

ನೆರೆ ಇಳಿದ ಶಾಲೆಯ ಮುಖ್ಯ ಶಿಕ್ಷಕಿಯೊಬ್ಬರು ಮೊದಲು ಹುಡುಕುವುದೇನು? ದಾಖಲಾತಿ ವಹಿ. ಕೆಸರು ಮೆತ್ತಿದ ಅಲಮಾರಿಯಿಂದ ಅದನ್ನು ಎತ್ತಿ, ಅಂಟಿದ ಹಾಳೆಗಳ ನಡುವೆ ಹಳೆಯ ಪತ್ರಿಕೆ ಇಟ್ಟು, ಬಿಸಿಲು ತಾಗದಂತೆ ಗಾಳಿಗೆ ಒಣಗಿಸಬೇಕು. ಊರಿನ ಎಷ್ಟೋ ಹಿರಿಯರ ಜನ್ಮದಿನಾಂಕಕ್ಕೆ ಅದೊಂದೇ ಆಧಾರ; ಪಿಂಚಣಿಗೂ ಜಾತಿ ಪ್ರಮಾಣಪತ್ರಕ್ಕೂ ಅವರು ಬಂದು ನಿಲ್ಲುವುದು ಆ ವಹಿಯ ಮುಂದೆ. ಅದನ್ನು ಉಳಿಸಲು, ಸ್ಕ್ಯಾನ್ ಮಾಡಿಡಲು ತಗಲುವ ಖರ್ಚು ಅತ್ಯಲ್ಪ. ಫಲಕ ಹಾಕುವಂಥ ಕೆಲಸವಲ್ಲ ಎಂದು ಯಾವ ದಾನಿಯೂ ಅದನ್ನು ಬಿಡಬಾರದು.

ದಾನಿಗಳ ಹಣ ಶಾಲೆಯಾದದ್ದು ಮೈಸೂರಿಗೆ ಹೊಸದಲ್ಲ. ಧರ್ಮಪ್ರಕಾಶ ಡಿ. ಬನುಮಯ್ಯನವರು ವರ್ತಕರು, ಅವರ ಹೆಸರಿನ ವಿದ್ಯಾಸಂಸ್ಥೆಗಳಲ್ಲಿ ಇಂದಿಗೂ ಗಂಟೆ ಹೊಡೆಯುತ್ತದೆ. ಮರಿಮಲ್ಲಪ್ಪನವರ ಶಾಲೆಯದು ಅದಕ್ಕೂ ಹಿಂದಿನ, ಹತ್ತೊಂಬತ್ತನೆಯ ಶತಮಾನದ ಕಥೆ. ಆ ದಾನ ಕಟ್ಟಡಕ್ಕೇ ಮುಗಿದಿದ್ದರೆ ಇಷ್ಟು ಕಾಲ ಬಾಳುತ್ತಿರಲಿಲ್ಲ. ನೋಡಿಕೊಳ್ಳುವ ವ್ಯವಸ್ಥೆಯೊಂದು ಹಿಂದೆ ಇತ್ತು.

ಹೆಬ್ಬಾಳು, ಕೂರ್ಗಳ್ಳಿ, ನಂಜನಗೂಡಿನ ಕೈಗಾರಿಕಾ ಪ್ರದೇಶಗಳಲ್ಲಿ ಸಿಎಸ್‌ಆರ್ ಹಣದ ನಿರ್ಧಾರ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಮಳೆಗಾಲದಲ್ಲಿ ಎಲ್ಲಿಯಾದರೂ ಶಾಲೆ ಬಿದ್ದು, ಕಟ್ಟಿಸಿಕೊಡಲು ನೀವು ಮುಂದಾದರೆ, ನಕ್ಷೆಗೂ ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ತಾಯಂದಿರೊಂದಿಗೆ ಒಂದು ದಿನ ಕುಳಿತು ಮಾತಾಡಿ. ಒಪ್ಪಂದದಲ್ಲಿ ಕಟ್ಟಡದ ಖರ್ಚಿನ ಜೊತೆಗೆ ಮೂರು ವರ್ಷಗಳ ದುರಸ್ತಿಯ ಹಣವನ್ನೂ ಬರೆಯಿರಿ: ಹೆಂಚು, ಪಂಪು, ಶೌಚಾಲಯದ ನೀರು. ಉದ್ಘಾಟನೆಯಾದ ಮರುವರ್ಷ ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ, ಮತ್ತೊಮ್ಮೆ ಹೋಗಿ ಆ ತರಗತಿಗಳಲ್ಲಿ ಎಷ್ಟು ಮಕ್ಕಳು ಕೂತಿದ್ದಾರೆಂದು ಎಣಿಸಿ ಬನ್ನಿ.